ಹಂದಿಗೋಡಿನವರು ಕೊಟ್ಟ ರಕ್ತ



ಅಂಕೋಲೆಯಿಂದ ಹೊನ್ನಾವರಕ್ಕೆ ಹೋಗಿ, ಗೇರುಸೊಪ್ಪೆ ಘಟ್ಟ ಹತ್ತಿ, ಜೋಗ ದಾಟಿದರೆ ಸಾಗರ ಪಟ್ಟಣ ಸಿಗುತ್ತದೆ. ಅದರ ಸಮೀಪದ ಚಿಕ್ಕ ಹಳ್ಳಿ ಹಂದಿಗೋಡು. ಪ್ರವಾಸಕ್ಕೆಂದು ಜೋಗ ನೋಡಿ ಬಂದ ನಮ್ಮ ಬೊಬ್ರುವಾಡದ ಮಕ್ಕಳಿಗೆ ಈ ಊರಿನ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ವೈದ್ಯಕೀಯ ಲೋಕದಲ್ಲಿ ಅದು ಒಂದು ಕಾಯಿಲೆಯ ಹೆಸರಾಗಿ ಉಳಿದಿದೆ. (ಅದೇ ಜಿಲ್ಲೆಯ ಕ್ಯಾಸನೂರು ಕಾಡಿಗೂ 1957ರಲ್ಲಿ ಇದೇ ಗತಿಯಾಯಿತು. ಮಂಗನ ಕಾಯಿಲೆ ಆ ಹೆಸರಿನಿಂದಲೇ ಪ್ರಸಿದ್ಧ.)

1974-75ರ ಸುಮಾರಿಗೆ ಇಲ್ಲಿನ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಬಡ ಕೂಲಿ ಕುಟುಂಬಗಳಲ್ಲಿ ಒಂದು ವಿಚಿತ್ರ ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಸೊಂಟದ ಕೀಲು, ಮೊಣಕಾಲುಗಳಲ್ಲಿ ನೋವು ಶುರುವಾಗಿ ನಡಿಗೆ ಕೆಡುತ್ತಿತ್ತು. ಕೆಲವರ ಬೆಳವಣಿಗೆ ಕುಂಠಿತವಾಗಿ ಕುಳ್ಳರಾಗಿಯೇ ಉಳಿದರು. ಕೆಲವರು ತೆವಳುವ ಸ್ಥಿತಿಗೆ ಬಂದರು.

ಮೊದಲ ಅನುಮಾನ ಬಿದ್ದದ್ದು ಏಡಿಯ ಮೇಲೆ! ಭತ್ತದ ಗದ್ದೆಗೆ ಕೀಟನಾಶಕ ಹೊಡೆಯುತ್ತಾರೆ, ಆ ಗದ್ದೆಯ ಏಡಿ, ಮೀನುಗಳನ್ನು ಬಡವರು ತಿನ್ನುತ್ತಾರೆ, ಆದ್ದರಿಂದ ಕಾಯಿಲೆ ಎಂದು. ನಂಬುವಂತಹ ಮಾತೇ. ಆದರೆ ಮನೆ ಮನೆಯ ವಂಶಾವಳಿ ಬರೆದು ನೋಡಿದಾಗ ಕಾಯಿಲೆ ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತಿರುವುದು ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು. ಮುಂದೆ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು ಎಕ್ಸ್‌ರೇಗಳನ್ನು ಪರಿಶೀಲಿಸಿ, ಇದು ಮೂಳೆಯ ಬೆಳವಣಿಗೆಯದೇ ದೋಷವೆಂದು 1994ರಲ್ಲಿ ಪ್ರಕಟಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೂ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಇಷ್ಟು ತಿಳಿದದ್ದು ಯಾರಿಂದ? ವಿದ್ವಾಂಸರ ಹೆಸರನ್ನು ನಾನು ಬರೆದೆ. ಆದರೆ ರಕ್ತ ಕೊಟ್ಟವರು, ಎಕ್ಸ್‌ರೇಗೆ ನಿಂತವರು, ಅಜ್ಜ ಮುತ್ತಜ್ಜಂದಿರ ನೋವನ್ನು ನೆನೆದು ಹೇಳಿದವರು ಆ ಕೂಲಿಯವರೇ. ದಿನಗೂಲಿಯವನಿಗೆ ತಪಾಸಣೆಯ ದಿನವೆಂದರೆ ಕೂಲಿ ಇಲ್ಲದ ದಿನ. ಅವರು ಒಪ್ಪದಿದ್ದರೆ ಇಂದಿಗೂ ಏಡಿಯೇ ಅಪರಾಧಿ. ಆದರೆ ಈ ಕಾಯಿಲೆಯನ್ನು ಬುಡಸಹಿತ ಕೀಳುವ ಔಷಧವಿಲ್ಲ. ನೋವು ತಗ್ಗಿಸಬಹುದು, ಕೆಲವರಿಗೆ ಕೀಲು ಬದಲಾಯಿಸಬಹುದು, ಅಷ್ಟೇ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತಾಳೆ ಹಾಕಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ.

ದೂರದ ವೆನೆಜುವೆಲಾದಲ್ಲೂ ಇಂಥದೇ ಕಥೆಯಿದೆ. ಮರಕೈಬೋ ಸರೋವರದ ದಂಡೆಯ ಬಡ ಕುಟುಂಬಗಳಲ್ಲಿ ಮೆದುಳನ್ನು ಕ್ಷೀಣಿಸುವ ಹಂಟಿಂಗ್ಟನ್ ಕಾಯಿಲೆ ಹೆಚ್ಚು. 1979ರಿಂದ ಅಲ್ಲಿ ಸಂಶೋಧನೆ ನಡೆಸಿದ ನ್ಯಾನ್ಸಿ ವೆಕ್ಸ್ಲರ್ ಅವರ ತಾಯಿ ತೀರಿಕೊಂಡದ್ದೂ ಅದೇ ಕಾಯಿಲೆಯಿಂದ. ಜನ ಹಿಂಜರಿದಾಗ, ತಾವೂ ಚರ್ಮದ ಮಾದರಿ ಕೊಟ್ಟ ತೋಳಿನ ಗಾಯದ ಗುರುತನ್ನು ಅವರಿಗೆ ತೋರಿಸಲಾಯಿತಂತೆ. ಆ ಕುಟುಂಬಗಳ ರಕ್ತದ ನೆರವಿನಿಂದ 1993ರಲ್ಲಿ ಆ ವಂಶವಾಹಿ ಪತ್ತೆಯಾಯಿತು. 2020ರಲ್ಲಿ ವೆಕ್ಸ್ಲರ್ ತಮಗೂ ಆ ಕಾಯಿಲೆಯಿದೆ ಎಂದು ಬಹಿರಂಗವಾಗಿ ತಿಳಿಸಿದರು.

ಹಂದಿಗೋಡಿನಲ್ಲಿ ಮೊದಲ ತನಿಖೆ ನಡೆದಾಗ ನಮ್ಮ ದೇಶದಲ್ಲಿ ಇಂಥ ಸಂಶೋಧನೆಗೆ ನೀತಿ ನಿಯಮಗಳ ಹೇಳಿಕೆಯೇ ಬಂದಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ಹೊರಡಿಸಿದ್ದು 1980ರಲ್ಲಿ. ವಿವರವಾದ ಮಾರ್ಗಸೂಚಿ 2000ದಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. ಇದರಂತೆ ರಕ್ತ ಏತಕ್ಕೆಂದು ತಿಳಿಯುವ ಭಾಷೆಯಲ್ಲಿ ಹೇಳಬೇಕು, ಹೆಸರು ಗುಟ್ಟಾಗಿಡಬೇಕು. ಕೊಟ್ಟದ್ದು ಸಂಶೋಧಕರ ಕೈಯಲ್ಲಿರುವ ಅಮಾನತ್ತು ಎನ್ನೋಣ. ನಡುವೆ ಬೇಡವೆನಿಸಿದರೆ ಹಿಂದೆ ಸರಿಯಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಓದು ಬಾರದವರು ಒಪ್ಪಿಗೆ ಕೊಡುವಾಗ ಓದುಬಲ್ಲ ಸಾಕ್ಷಿಯೊಬ್ಬರು ಜೊತೆಗಿರಬೇಕು. ವಿದ್ಯಾರ್ಥಿಗಳೇ, ಅಂಥ ಹಾಳೆ ನಿಮ್ಮ ಕೇರಿಗೆ ಬಂದ ದಿನ ಓದಿ ಹೇಳಲು ಅಜ್ಜಿ ಕರೆಯುವುದು ನಿಮ್ಮನ್ನೇ.