ಸೀಟು ಹಿಡಿಯಬೇಕೋ, ಕಾಯಬೇಕೋ? ನಲವತ್ತು ವರ್ಷದ ಲೆಕ್ಕ

ಸಿಇಟಿ ಮೊದಲ ಸುತ್ತಿನ ಸೀಟು ಹಂಚಿಕೆ ಬಂದ ದಿನ ತಿಕೋಟಾ ಕಡೆಯಿಂದ ಫೋನು ಬರುವುದು ಖಾತ್ರಿ. "ತಮ್ಮಾ, ಚಾಯ್ಸ್ ಎರಡು ಒತ್ತಿದ್ರ ಈಗ ಬಂದ ಸೀಟು ಹೋಗತೈತೇನು?" ಕೇಳುವವರು ಅಪ್ಪ. ಹಿಂದೆ ನಿಂತು "ಲಗೂ ಕೇಳಪಾ" ಅನ್ನುವವಳು ಮಗಳು.

ಇದಕ್ಕೆ ಎರಡು ನಿಮಿಷದಲ್ಲಿ ಉತ್ತರ ಹೇಳಬಹುದು. ಆದರೆ ಈ ಪ್ರಶ್ನೆ ನಮ್ಮ ಮೊಬೈಲಿಗೆ ಬಂದು ತಲುಪಲು ನಲವತ್ತು ವರ್ಷ ಹಿಡಿದಿದೆ.

ದ್ರಾಕ್ಷಿ ಬೆಳೆಯುವವರಿಗೆ ಈ ಲೆಕ್ಕ ಹೊಸದಲ್ಲ. ಹಸಿ ಹಣ್ಣು ಈಗಲೇ ಕೊಡಬೇಕೋ, ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರಕ್ಕೆ ಕಾಯಬೇಕೋ? ಕಾದರೆ ಲಾಭ ಬರಬಹುದು. ಆದರೆ ಸಾಲದವನು ಬಾಗಿಲಲ್ಲಿ ನಿಂತಿದ್ದರೆ ಯಾರು ಕಾಯುತ್ತಾರೆ? ಕಾಲೇಜು ಸೀಟಿನ ಕತೆಯೂ ಇಷ್ಟೇ. ಯಾವ ಕಾಲದಲ್ಲಿ ಯಾರಿಗೆ ಕಾಯುವ ತಾಕತ್ತು ಇತ್ತು ಎಂಬುದೇ ಇದರ ಇತಿಹಾಸ.

ದುಡ್ಡು ಮಾತಾಡಿದ ಕಾಲ

1980ರ ದಶಕದಲ್ಲಿ ದೊಡ್ಡ ಕಾಲೇಜುಗಳು ನಮ್ಮ ಮನೆ ಹತ್ತಿರಕ್ಕೇ ಬಂದವು. ವಿಜಯಪುರದಲ್ಲಿ 1980ರಲ್ಲಿ ಬಿಎಲ್‌ಡಿಇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು, 1984ರಲ್ಲಿ ಅಲ್ ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು. ಕಾಲೇಜು ಹತ್ತಿರ ಬಂತು. ಸೀಟು ಹತ್ತಿರ ಬಂತೇ ಎಂಬುದು ಬೇರೆ ಮಾತು.

ಆಗ ರಾಜ್ಯದಲ್ಲೆಲ್ಲ 'ಕ್ಯಾಪಿಟೇಶನ್' ಎಂಬ ಶಬ್ದ ಓಡಾಡುತ್ತಿತ್ತು. ಶುಲ್ಕವಲ್ಲದೆ ಸೀಟಿಗಾಗಿಯೇ ಕೊಡುವ ದುಡ್ಡು ಅದು. ಅದನ್ನು ತಡೆಯಲು ಸರ್ಕಾರ 1984ರಲ್ಲಿ ಕಾನೂನು ತಂದಿತು. 1989ರ ಜೂನ್‌ನಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕ ಗೊತ್ತುಮಾಡಿತು: ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕೋಟಾದ ಹೊರಗಿನ ಕರ್ನಾಟಕದ ವಿದ್ಯಾರ್ಥಿಗೆ 25,000 ರೂಪಾಯಿವರೆಗೆ, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ. ಒಂದೇ ತರಗತಿ, ಒಂದೇ ಪಾಠ, ಮೂರು ದರ.

ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಕಾಲೇಜೊಂದರಲ್ಲಿ ಎಂಬಿಬಿಎಸ್‌ಗೆ ಅರ್ಜಿ ಹಾಕಿದಾಗ ಈ 60,000 ಅಡ್ಡ ಬಂತು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಕೋರ್ಟು, ಇಂಥ ಶುಲ್ಕ ಕ್ಯಾಪಿಟೇಶನ್ನೇ, ಇದು ಶಿಕ್ಷಣದ ಹಕ್ಕಿಗೆ ವಿರುದ್ಧ ಎಂದಿತು. 1993ರ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಹೊಸ ವ್ಯವಸ್ಥೆ ಹೇಳಿತು: ಖಾಸಗಿ ವೃತ್ತಿಪರ ಕಾಲೇಜಿನ ಅರ್ಧ ಸೀಟು 'ಫ್ರೀ', ಅರ್ಧ 'ಪೇಮೆಂಟ್'. ಎರಡನ್ನೂ ಪ್ರತಿಭೆಯ ಆಧಾರದ ಮೇಲೇ ತುಂಬಬೇಕು.

ರ‍್ಯಾಂಕ್ ಮಾತಾಡಿದ ಕಾಲ

ಅದರ ಫಲವಾಗಿ 1994ರಲ್ಲಿ ನಮ್ಮ ಸಿಇಟಿ ಶುರುವಾಯಿತು. ಹಳ್ಳಿ ಶಾಲೆಯ ಹುಡುಗ, ಬೆಂಗಳೂರಿನ ಕಾನ್ವೆಂಟಿನ ಹುಡುಗಿ ಒಂದೇ ಪ್ರಶ್ನೆಪತ್ರಿಕೆ ಬರೆದು ಒಂದೇ ಸಾಲಿನಲ್ಲಿ ನಿಂತರು. ಇದು ಸಣ್ಣ ಮಾತಲ್ಲ.

ಆದರೆ ಆ ಸಾಲು ಇದ್ದದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ. ವಿಜಯಪುರದಿಂದ 500 ಕಿಲೋಮೀಟರಿಗೂ ಹೆಚ್ಚು ದೂರ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಮೂಲ ದಾಖಲೆ ಮತ್ತು ಶುಲ್ಕದ ಡಿಡಿ ಇಟ್ಟ ಚೀಲವನ್ನು ಎದೆಗೆ ಅವಚಿಕೊಂಡು ಹೋಗಬೇಕು. ರ‍್ಯಾಂಕಿನ ಪ್ರಕಾರ ಕರೆಯುತ್ತಾರೆ. ಉಳಿದ ಸೀಟು ಪರದೆಯ ಮೇಲೆ ಕಾಣುತ್ತದೆ. ನಿಮ್ಮ ಸರದಿ ಬಂದಾಗ ಅಲ್ಲೇ ಹೇಳಬೇಕು. ಊರಿನ ಮಾಸ್ತರರನ್ನು ಕೇಳೋಣವೆಂದರೆ ಕೈಯಲ್ಲಿ ಮೊಬೈಲ್ ಇಲ್ಲ. ರ‍್ಯಾಂಕು ಸಮಾನವಾಗಿತ್ತು, ತೀರ್ಮಾನಿಸುವ ಪುರಸೊತ್ತು ಸಮಾನವಾಗಿರಲಿಲ್ಲ.

2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದ ತೀರ್ಪು ಫ್ರೀ–ಪೇಮೆಂಟ್ ವ್ಯವಸ್ಥೆಯನ್ನು ತೆಗೆದುಹಾಕಿತು. 2004ರಲ್ಲಿ ಖಾಸಗಿ ಕಾಲೇಜುಗಳ ಕಾಮೆಡ್‌–ಕೆ ಬಂತು. ಬಾಗಿಲು ಎರಡಾದವು, ಅರ್ಜಿ ಶುಲ್ಕವೂ ಎರಡಾಯಿತು. 2017ರಿಂದ ವೈದ್ಯಕೀಯಕ್ಕೆ ನೀಟ್ ಒಂದೇ ಗತಿ. ಆ ವರ್ಷದಿಂದಲೇ ಅದನ್ನು ಕನ್ನಡದಲ್ಲೂ ಬರೆಯಬಹುದಾಯಿತು.

ನಮ್ಮ ಪಾಲು ಎಷ್ಟು?

ಸೀಟು ಸಿಗುವ ಸಾಧ್ಯತೆ ಅಳೆಯುವಾಗ ರ‍್ಯಾಂಕ್ ಒಂದನ್ನೇ ನೋಡಿದರೆ ಸಾಲದು. ಸಿಇಟಿ ಸೀಟಿನಲ್ಲಿ ಪ್ರವರ್ಗಗಳ ಒಳಗೇ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣವಲ್ಲ. ನೋಡಲು ಹಳ್ಳಿಯೇ ಆದರೂ ಕಾಗದದಲ್ಲಿ ಪಟ್ಟಣವಾದ ಊರಿನ ಮಕ್ಕಳು ಇಲ್ಲೇ ಎಡವುತ್ತಾರೆ.

ಇನ್ನೊಂದು ಗೆರೆ ಇತಿಹಾಸ ಎಳೆದದ್ದು. ಭೀಮಾ ನದಿ ಆಚೆಯ ಅಫಜಲಪುರ ನಿಜಾಮರ ಸೀಮೆಯಲ್ಲಿತ್ತು, ನಮ್ಮ ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. 371(ಜೆ) ವಿಧಿ ಜಾರಿಯಾದಾಗ ಆಚೆಯವರಿಗೆ ತಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲು ಸಿಕ್ಕಿತು. ನಮಗೆ ಇಲ್ಲ. ಬರ ಎರಡೂ ದಡಕ್ಕೆ ಒಂದೇ, ಕೋಟಾ ಒಂದೇ ಅಲ್ಲ. ಆದ್ದರಿಂದ ಹೋದ ವರ್ಷದ ಕಟ್‌ಆಫ್ ನೋಡುವಾಗ ನಿಮ್ಮ ಪ್ರವರ್ಗದ ಸಾಲನ್ನೇ ನೋಡಿ. ಆಚೆ ದಡದ ನೆಂಟರ ಮಗನಿಗೆ ಸಿಕ್ಕ ಸೀಟಿನಿಂದ ಲೆಕ್ಕ ಹಾಕಬೇಡಿ.

ಈಗ ನಾಲ್ಕು ಚಾಯ್ಸ್

ಬಸ್ಸಿನ ಕಾಲ ಮುಗಿದು ಎಲ್ಲ ಆನ್‌ಲೈನ್ ಆಗಿದೆ. ಮೊದಲು ಅಣಕು ಹಂಚಿಕೆ, ಆಮೇಲೆ ನಿಜದ್ದು. ಸೀಟು ಬಂದ ಮೇಲೆ ನಾಲ್ಕು ದಾರಿ. ಒಂದು: ಒಪ್ಪಿದೆ, ಸೇರುತ್ತೇನೆ. ಎರಡು: ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ನೋಡುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು: ನಾನು ಹೊರಗೆ.

ಅಪ್ಪನ ಪ್ರಶ್ನೆಗೆ ಉತ್ತರ ಎರಡನೆಯದರಲ್ಲಿದೆ. ಮೇಲಿನ ಸೀಟು ಸಿಗದಿದ್ದರೆ ಹಳೆಯದು ಉಳಿಯುತ್ತದೆ. ಸಿಕ್ಕರೆ ಹಳೆಯದು ತಾನಾಗಿ ರದ್ದು, ತಿರುಗಿ ಬಾರದು. ಹಾಗಾಗಿ ಪಟ್ಟಿಯ ಮೇಲ್ಭಾಗದಲ್ಲಿ ನಿಜಕ್ಕೂ ಬೇಕಾದ ಕಾಲೇಜು ಮಾತ್ರ ಇರಲಿ. ಹಾಸ್ಟೆಲ್, ಶುಲ್ಕ, ದೂರ ಮೊದಲೇ ವಿಚಾರಿಸಿ. ಶುಲ್ಕ ಕಟ್ಟುವ ನಿಯಮ ವರ್ಷಕ್ಕೊಮ್ಮೆ ಬದಲಾಗುತ್ತದೆ, ಆ ವರ್ಷದ ಕೆಇಎ ಸೂಚನೆ ಓದಿಯೇ ಒತ್ತಿ.

ನಮ್ಮ ಮಕ್ಕಳು ಹೆಚ್ಚಾಗಿ ಒಂದನ್ನೇ ಒತ್ತುತ್ತಾರೆ. "ಬಂದದ್ದು ಬಿಟ್ಟರ ಹೆಂಗ?" ಎಂಬ ಅಂಜಿಕೆ. ಅತ್ತ 2024ರಲ್ಲಿ, ಸೇರುವ ಮನಸ್ಸಿಲ್ಲದವರ ಹೆಸರಿನಲ್ಲಿ ಒಳ್ಳೆಯ ಸೀಟು ತಡೆಹಿಡಿಯುವ 'ಸೀಟ್ ಬ್ಲಾಕಿಂಗ್' ದಂಧೆ ಪೊಲೀಸ್ ಠಾಣೆಯವರೆಗೆ ಹೋಯಿತು. ಅಂಜಿದವರು ಇದ್ದುದನ್ನು ಹಿಡಿದರು, ದುಡ್ಡಿದ್ದವರು ಬೇಕಾದ್ದನ್ನು ತಡೆದರು.

ಇದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ 'ಅರ್ಲಿ ಡಿಸಿಷನ್' ಎಂಬ ಪದ್ಧತಿ ಇದೆ. ಒಂದೇ ವಿಶ್ವವಿದ್ಯಾಲಯಕ್ಕೆ ಮುಂಚೆಯೇ ಅರ್ಜಿ ಹಾಕಿ, ಸೀಟು ಕೊಟ್ಟರೆ ಸೇರಿಯೇ ಸೇರುತ್ತೇನೆ ಎಂದು ಮಾತು ಕೊಡಬೇಕು. ಬೇರೆ ಕಡೆಯ ವಿದ್ಯಾರ್ಥಿವೇತನ ಹೋಲಿಸಿ ನೋಡಬೇಕಾದ ಬಡವರು ಹಾಗೆ ಮಾತು ಕೊಡುವುದು ಕಷ್ಟ. ಇದು ಅನುಕೂಲಸ್ಥರಿಗೇ ಲಾಭ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2006ರಲ್ಲಿ ಆ ಪದ್ಧತಿ ಕೈಬಿಟ್ಟಿತು. ಮಾತು ಕೊಡುವ ಕಟ್ಟುಪಾಡಿಲ್ಲದ ಮುಂಗಡ ಅರ್ಜಿಯನ್ನು 2011ರಲ್ಲಿ ಮತ್ತೆ ತಂದಿತು.

ಅಲ್ಲಿ ಉಳ್ಳವರಿಗೆ ಅವಸರದಲ್ಲಿ ಲಾಭ, ಇಲ್ಲಿ ಕಾಯುವುದರಲ್ಲಿ. ಎರಡೂ ಕಡೆ ಬಡವರ ಮಕ್ಕಳಿಗೆ ಕಡಿಮೆ ಬಿದ್ದದ್ದು ಬುದ್ಧಿಯಲ್ಲ, ಸಮಯ ಮತ್ತು ಮಾಹಿತಿ. ಸಮಯವನ್ನು ನಾವು ಕೊಡಲಾರೆವು. ಮಾಹಿತಿ ಕೊಡಬಹುದು. ಊರಲ್ಲಿ ಹೋದ ವರ್ಷ ಸಿಇಟಿ ಬರೆದವರು ಒಂದು ಸಂಜೆ ಗ್ರಂಥಾಲಯದಲ್ಲಿ ಕೂತು ಈ ವರ್ಷದವರಿಗೆ ಆಪ್ಷನ್ ಪಟ್ಟಿ ಬರೆಸಿದರೆ ಸಾಕು.

ಆ ಅಪ್ಪನಿಗೆ ನಾನು ಹೇಳಿದ್ದು ಇಷ್ಟು: "ಕಾಕಾ, ಹಳೇದು ಎಲ್ಲೂ ಹೋಗೂದಿಲ್ಲ. ಆದ್ರ ಮ್ಯಾಲಿನ ಕಾಲೇಜಿಗೆ ಕಳಿಸಾಕ ನೀವು ತಯಾರ ಇದ್ದೀರೇನು, ಅದನ್ನ ಮೊದಲ ಮಗಳ ಜೋಡಿ ಕುಂತು ಮಾತಾಡ್ರಿ."