ಮೂರನೇ ವಯಸ್ಸಿನ ವಿಶ್ವವಿದ್ಯಾಲಯ: ನಾಯಕತ್ವ ಕೈಯಿಂದ ಕೈಗೆ

ನಿವೃತ್ತರೇ ಕಟ್ಟಿಕೊಂಡು ನಿವೃತ್ತರೇ ನಡೆಸುತ್ತಿರುವ ಕಲಿಕೆಯ ಸಂಸ್ಥೆಗಳಲ್ಲಿ ಬ್ರಿಟನ್ನಿನ ‘ಮೂರನೇ ವಯಸ್ಸಿನ ವಿಶ್ವವಿದ್ಯಾಲಯ’ ಹೆಸರಾದದ್ದು. ಅಲ್ಲಿನವರ ಬಾಯಲ್ಲಿ ಅದು ಯು3ಎ. ದೇಶದಾದ್ಯಂತ ಅದಕ್ಕೆ ಸಾವಿರದಷ್ಟು ಸ್ಥಳೀಯ ಘಟಕಗಳಿದ್ದು, ಸದಸ್ಯರ ಸಂಖ್ಯೆ ಹತ್ತಿರಹತ್ತಿರ 4 ಲಕ್ಷ. ಇಲ್ಲಿ ಸಂಬಳದ ಪ್ರಾಧ್ಯಾಪಕರಿಲ್ಲ, ಪ್ರವೇಶಕ್ಕೆ ಅಂಕಪಟ್ಟಿ ಬೇಕಿಲ್ಲ, ಪರೀಕ್ಷೆಯಿಲ್ಲ, ಪದವಿಯೂ ಇಲ್ಲ. ಪ್ರತಿಯೊಂದು ಘಟಕವೂ ಸ್ವತಂತ್ರ ಸಂಸ್ಥೆ. ಅದಕ್ಕೆ ತನ್ನದೇ ಬೈಲಾ, ತನ್ನದೇ ಬ್ಯಾಂಕ್ ಖಾತೆ, ಸದಸ್ಯರೇ ಆರಿಸಿದ ಕಾರ್ಯಕಾರಿ ಸಮಿತಿ. ಅಧ್ಯಕ್ಷರಿಂದ ಹಿಡಿದು ಚಹಾದ ಲೋಟ ತೊಳೆಯುವವರವರೆಗೆ ಯಾರಿಗೂ ಸಂಭಾವನೆಯಿಲ್ಲ. ಇಂಥ ಸಂಸ್ಥೆ ನಾಲ್ಕು ದಶಕ ದಾಟಿ ನಿಂತಿರುವುದಕ್ಕೆ ಮುಖ್ಯ ಕಾರಣ, ಕೆಲವು ವರ್ಷಗಳಿಗೊಮ್ಮೆ ಯಾರಾದರೊಬ್ಬರು ಮುಂದೆ ಬಂದು ಹೊಣೆ ಹೊತ್ತದ್ದು. ಯು3ಎ ಇತಿಹಾಸದಲ್ಲಿ ಪಾಠಗಳ ಪಟ್ಟಿಗಿಂತ ಈ ಅಧಿಕಾರ ಹಸ್ತಾಂತರದ ಕಥೆಯೇ ಹೆಚ್ಚು ಗಮನಿಸಬೇಕಾದದ್ದು.

ಕಲ್ಪನೆ ಮೊದಲು ಮೂಡಿದ್ದು ಫ್ರಾನ್ಸಿನಲ್ಲಿ. 1968ರ ವಿದ್ಯಾರ್ಥಿ ಚಳವಳಿಯ ನಂತರ ಅಲ್ಲಿನ ಸರ್ಕಾರ ತಂದ ಉನ್ನತ ಶಿಕ್ಷಣದ ಕಾನೂನು, ಬದುಕಿನುದ್ದಕ್ಕೂ ಕಲಿಕೆಗೆ ಅವಕಾಶ ಒದಗಿಸುವುದು ವಿಶ್ವವಿದ್ಯಾಲಯಗಳ ಕರ್ತವ್ಯವೆಂದು ಹೇಳಿತು. ತುಲೂಸ್ ನಗರದ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದ ಪಿಯರ್ ವೆಲ್ಲಾಸ್ ಅದನ್ನು ಹಿರಿಯರಿಗೆ ಅನ್ವಯಿಸಿದರು. 1973ರಲ್ಲಿ ಅವರು ಆರಂಭಿಸಿದ ತರಗತಿಗಳಿಗೆ ನಿವೃತ್ತಿಯ ವಯಸ್ಸು ದಾಟಿದ ಯಾರು ಬೇಕಾದರೂ ಸೇರಬಹುದಿತ್ತು. ಭರ್ತಿ ಮಾಡಲು ಸರಳವಾದ ಒಂದು ಅರ್ಜಿ, ಅಲ್ಪ ಶುಲ್ಕ, ಅಷ್ಟೇ. ಉಪನ್ಯಾಸ ಕೊಡುವವರು ವಿಶ್ವವಿದ್ಯಾಲಯದ ಅಧ್ಯಾಪಕರು. ಕೊಠಡಿ, ಗ್ರಂಥಾಲಯ, ಆಡಳಿತ ಎಲ್ಲವೂ ವಿಶ್ವವಿದ್ಯಾಲಯದ್ದೇ. ಮಾದರಿ ಬೇಗ ಹಬ್ಬಿತು. 1975ರಲ್ಲಿ ಇಂಥ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು. ಮುಂದೆ ಆ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ವೆಲ್ಲಾಸ್ ಅವರ ಮಗ, ತುಲೂಸಿನಲ್ಲೇ ಪ್ರಾಧ್ಯಾಪಕರಾದ ಫ್ರಾಂಸ್ವಾ ವೆಲ್ಲಾಸ್ ಬಂದರು. ಫ್ರೆಂಚ್ ಪದ್ಧತಿಯಲ್ಲಿ ಸದಸ್ಯರು ಹೋಗಿ ಬರುತ್ತಾರೆ, ಆದರೆ ಆಡಳಿತದ ಬೇರು ವಿಶ್ವವಿದ್ಯಾಲಯದಲ್ಲೇ ಇರುತ್ತದೆ. ಹಾಗಾಗಿ ‘ಮುಂದಿನ ಅಧ್ಯಕ್ಷರು ಯಾರು’ ಎಂಬ ಪ್ರಶ್ನೆ ಅಲ್ಲಿ ಸದಸ್ಯರ ನಿದ್ದೆ ಕೆಡಿಸುವುದಿಲ್ಲ.

ಇಂಗ್ಲಿಷ್ ಕಾಲುವೆ ದಾಟಿದ ಮೇಲೆ ಕಲ್ಪನೆಯ ಸ್ವರೂಪವೇ ಬದಲಾಯಿತು. 1981ರಲ್ಲಿ ಕೇಂಬ್ರಿಜ್‌ನಲ್ಲಿ ಅದನ್ನು ಕೈಗೆತ್ತಿಕೊಂಡವರು ಮೂವರು. ಪೀಟರ್ ಲ್ಯಾಸ್ಲೆಟ್ ಟ್ರಿನಿಟಿ ಕಾಲೇಜಿನ ಇತಿಹಾಸಕಾರರು. ಹಳೆಯ ಚರ್ಚ್ ದಾಖಲೆಗಳನ್ನು ಜಾಲಾಡಿ ಕೈಗಾರಿಕಾ ಯುಗಕ್ಕೆ ಮುಂಚಿನ ಇಂಗ್ಲೆಂಡಿನ ಕುಟುಂಬ ಎಷ್ಟು ದೊಡ್ಡದಿತ್ತು, ಜನ ಎಷ್ಟು ಕಾಲ ಬದುಕುತ್ತಿದ್ದರು ಎಂಬುದನ್ನು ಲೆಕ್ಕ ಹಾಕಿದವರು. ಮೈಕೆಲ್ ಯಂಗ್ ಸಂಸ್ಥೆಗಳನ್ನು ಹುಟ್ಟುಹಾಕುವುದರಲ್ಲಿ ಎತ್ತಿದ ಕೈ; 1957ರ ಬಳಕೆದಾರರ ಸಂಘ ಅವರದೇ ಸೃಷ್ಟಿ, ಮುಕ್ತ ವಿಶ್ವವಿದ್ಯಾಲಯದ ವಿಚಾರವನ್ನು ಮೊದಲು ಮುಂದಿಟ್ಟವರಲ್ಲೂ ಅವರಿದ್ದರು. ಎರಿಕ್ ಮಿಡ್‌ವಿಂಟರ್ ಆಗ ಲಂಡನ್ನಿನಲ್ಲಿ ವೃದ್ಧಾಪ್ಯ ನೀತಿಯ ಅಧ್ಯಯನ ಕೇಂದ್ರವೊಂದರ ನಿರ್ದೇಶಕರು. ಅವರು ಕ್ರಿಕೆಟ್ ಇತಿಹಾಸಕಾರರೂ ಹೌದು, ಡಬ್ಲ್ಯು.ಜಿ. ಗ್ರೇಸ್ ಅವರ ಜೀವನಚರಿತ್ರೆ ಬರೆದವರು. ಲ್ಯಾಸ್ಲೆಟ್ ಮತ್ತು ಯಂಗ್ ಇಬ್ಬರೂ 1915ರಲ್ಲಿ ಹುಟ್ಟಿದವರು, ಅಂದರೆ ಸಂಸ್ಥೆ ಆರಂಭವಾದಾಗ ತಾವೇ ನಿವೃತ್ತಿಯ ಹೊಸ್ತಿಲಲ್ಲಿದ್ದವರು. ತಮ್ಮ ಓರಗೆಯವರ ಅಗತ್ಯ ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ.

ಮನುಷ್ಯನ ಆಯುಷ್ಯವನ್ನು ಲ್ಯಾಸ್ಲೆಟ್ ನಾಲ್ಕು ಘಟ್ಟಗಳಾಗಿ ವಿಂಗಡಿಸಿದರು: ಅವಲಂಬನೆಯ ಬಾಲ್ಯ, ದುಡಿಮೆ ಮತ್ತು ಸಂಸಾರದ ಹೊಣೆಯ ನಡುಗಾಲ, ಹೊಣೆ ಕಳೆದು ತನ್ನಿಷ್ಟದಂತೆ ಬದುಕಬಹುದಾದ ಮೂರನೆಯ ಕಾಲ, ಮತ್ತೆ ಅವಲಂಬನೆಗೆ ಮರಳುವ ಕೊನೆಯ ಕಾಲ. 1989ರ ‘ಎ ಫ್ರೆಶ್ ಮ್ಯಾಪ್ ಆಫ್ ಲೈಫ್’ ಕೃತಿಯಲ್ಲಿ ಈ ವಿಚಾರ ವಿಸ್ತಾರವಾಗಿ ಬಂದಿದೆ. ಕನ್ನಡದ ಓದುಗರಿಗೆ ಇಲ್ಲಿ ನಾಲ್ಕು ಆಶ್ರಮಗಳ ನೆನಪಾಗುವುದು ಸಹಜ. ಆದರೆ ವಾನಪ್ರಸ್ಥ ಊರಿನಿಂದ ಹೊರಗೆ ನಡೆಯಲು ಹೇಳಿದರೆ, ಲ್ಯಾಸ್ಲೆಟ್ ಅವರ ಮೂರನೇ ವಯಸ್ಸು ಊರಿನ ನಡುವೆಯೇ ಹೊಸ ಕೆಲಸ ಹಿಡಿಯಲು ಹೇಳುತ್ತದೆ.

ಕೇಂಬ್ರಿಜ್‌ನವರು ಫ್ರೆಂಚ್ ಮಾದರಿಯನ್ನು ಹಾಗೆಯೇ ತಂದಿಡಲಿಲ್ಲ. ವಿಶ್ವವಿದ್ಯಾಲಯದ ಆಸರೆಗೆ ಕಾಯದೆ ನಿವೃತ್ತರೇ ಒಬ್ಬರಿಗೊಬ್ಬರು ಕಲಿಸಿಕೊಳ್ಳಲಿ ಎಂದು ನಿಶ್ಚಯಿಸಿದರು. ಕಲಿಸುವವರು ಕಲಿಯಲೂ ಬೇಕು, ಕಲಿಯುವವರು ಕೈಲಾದಷ್ಟು ಕಲಿಸಲೂ ಬೇಕು ಎಂಬ ತತ್ತ್ವವನ್ನು ಲ್ಯಾಸ್ಲೆಟ್ ಸಂಸ್ಥೆಯ ಧ್ಯೇಯಪತ್ರದಲ್ಲೇ ಸೇರಿಸಿದರು. ನಿವೃತ್ತ ರಸಾಯನಶಾಸ್ತ್ರಜ್ಞೆ ಬೆಳಿಗ್ಗೆ ಪ್ರಯೋಗಗಳ ಬಗ್ಗೆ ಮಾತಾಡಿ, ಮಧ್ಯಾಹ್ನ ನಿವೃತ್ತ ಅಂಚೆ ನೌಕರರಿಂದ ಹಕ್ಕಿ ಗುರುತಿಸುವುದನ್ನು ಕಲಿಯಬಹುದಾದ ಏರ್ಪಾಡು ಅದು. ಇದರ ಪರಿಣಾಮ ಪಾಠಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಗುರು–ಶಿಷ್ಯರೆಂಬ ಎರಡು ವರ್ಗಗಳಿಲ್ಲದ ಕಡೆ ಆಳುವವರು, ಆಳಿಸಿಕೊಳ್ಳುವವರು ಎಂಬ ಎರಡು ವರ್ಗಗಳೂ ಇರುವಂತಿಲ್ಲ. ಇಂದು ಸಭೆಯ ಹಿಂದಿನ ಸಾಲಿನಲ್ಲಿ ಕೂತವರು ನಾಳೆ ವೇದಿಕೆಯ ಮೇಲೆ ಕೂರಬೇಕಾಗುತ್ತದೆ. ಆರಂಭದ ಉತ್ಸಾಹದಲ್ಲಿ ಈ ಮಾತಿನ ತೂಕ ಎಲ್ಲರಿಗೂ ಅರಿವಾದಂತಿಲ್ಲ. ಸ್ಥಾಪಕರು ಹಿಂದೆ ಸರಿಯುವ ಹೊತ್ತು ಬಂದಾಗ ಅರಿವಾಯಿತು.

1982ರಿಂದ ಬೇರೆ ಊರುಗಳಲ್ಲೂ ಘಟಕಗಳು ತಲೆಯೆತ್ತಿದವು. 1983ರಲ್ಲಿ ಅವುಗಳಿಗೆ ನೆರವಾಗಲು ಥರ್ಡ್ ಏಜ್ ಟ್ರಸ್ಟ್ ಸ್ಥಾಪನೆಯಾಯಿತು. ವಿಮೆ, ಮಾದರಿ ಬೈಲಾ, ಸಲಹೆ, ‘ಥರ್ಡ್ ಏಜ್ ಮ್ಯಾಟರ್ಸ್’ ಎಂಬ ಪತ್ರಿಕೆ ಇವನ್ನು ಟ್ರಸ್ಟ್ ಒದಗಿಸುತ್ತದೆ. ಘಟಕಗಳು ತಲೆಗೆ ಇಷ್ಟೆಂದು ಅದಕ್ಕೆ ವಂತಿಗೆ ಕಟ್ಟುತ್ತವೆ. ಆದರೆ ಯಾವ ಊರಿನಲ್ಲಿ ಯಾರು ಅಧ್ಯಕ್ಷರಾಗಬೇಕೆಂದು ಹೇಳುವ ಅಧಿಕಾರ ಟ್ರಸ್ಟಿಗಿಲ್ಲ. ಮೇಲಿನಿಂದ ನೇಮಕ ಮಾಡುವ ಪದ್ಧತಿಯನ್ನು ಬೇಕೆಂದೇ ದೂರವಿಟ್ಟದ್ದು ಯು3ಎಯ ದೊಡ್ಡತನ. ಅದರ ದೊಡ್ಡ ಕಷ್ಟವೂ ಅಲ್ಲಿಂದಲೇ ಹುಟ್ಟುತ್ತದೆ.

ಒಂದು ಘಟಕದ ಒಳಗನ್ನು ಹತ್ತಿರದಿಂದ ನೋಡಿದರೆ ಹೊಣೆಯ ಗಾತ್ರ ತಿಳಿಯುತ್ತದೆ. ಕಾರ್ಯಕಾರಿ ಸಮಿತಿಯಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಇವರಲ್ಲದೆ ಸದಸ್ಯತ್ವ ನೋಡಿಕೊಳ್ಳುವವರೊಬ್ಬರು, ತಿಂಗಳ ಸಭೆಗೆ ಉಪನ್ಯಾಸಕರನ್ನು ಗೊತ್ತುಮಾಡುವವರೊಬ್ಬರು, ಅಧ್ಯಯನ ಗುಂಪುಗಳ ಸಂಯೋಜಕರೊಬ್ಬರು. ಲ್ಯಾಟಿನ್, ಜಲವರ್ಣ, ಸ್ಥಳೀಯ ಇತಿಹಾಸ, ಕಾಲ್ನಡಿಗೆ, ಯುಕುಲೇಲಿ ಎಂದು ಗುಂಪುಗಳು ಹತ್ತಾರು. ಹೆಚ್ಚಿನವು ಸದಸ್ಯರ ಮನೆಯ ಹಜಾರದಲ್ಲೇ ಸೇರುತ್ತವೆ, ದೊಡ್ಡವು ಚರ್ಚ್ ಸಭಾಂಗಣವನ್ನು ಬಾಡಿಗೆಗೆ ಹಿಡಿಯುತ್ತವೆ. ಹೊಸ ಅಧ್ಯಕ್ಷರ ಕೈಗೆ ಬರುವ ವಸ್ತುಗಳ ಪಟ್ಟಿಯೂ ಸಣ್ಣದಲ್ಲ: ನಡಾವಳಿಯ ಕಡತಗಳು, ಸಭಾಂಗಣದ ಬಾಡಿಗೆ ಕರಾರು, ಪ್ರೊಜೆಕ್ಟರ್ ಮತ್ತು ಮೈಕಿನ ಪೆಟ್ಟಿಗೆ, ಸದಸ್ಯರ ದಾಖಲೆ ಇಡುವ ‘ಬೀಕನ್’ ಎಂಬ ತಂತ್ರಾಂಶದ ಪಾಸ್‌ವರ್ಡ್. ಬೀಕನ್ನನ್ನು ಕಟ್ಟಿದವರೂ ಯು3ಎ ಸದಸ್ಯರೇ, ಸಂಬಳವಿಲ್ಲದೆ.

ಬದಲಾವಣೆ ಆಗುವುದು ವಾರ್ಷಿಕ ಮಹಾಸಭೆಯಲ್ಲಿ. ಸಭೆಗೆ ಕೆಲವು ವಾರ ಮೊದಲೇ ನಾಮಪತ್ರಗಳನ್ನು ಕರೆಯುತ್ತಾರೆ. ಪ್ರತಿ ಹೆಸರಿಗೆ ಒಬ್ಬ ಸೂಚಕರು, ಒಬ್ಬ ಅನುಮೋದಕರು ಇರಬೇಕು. ಅಂದು ವರದಿ, ಲೆಕ್ಕಪತ್ರ, ಮುಂದಿನ ವರ್ಷದ ಶುಲ್ಕ ಇವು ಮುಗಿದ ಮೇಲೆ ಚುನಾವಣೆ. ಒಂದೇ ಹುದ್ದೆಗೆ ಇಬ್ಬರು ನಿಲ್ಲುವುದು ಅಪರೂಪ. ಒಬ್ಬರೂ ನಿಲ್ಲದಿರುವುದೇ ಎಲ್ಲರ ಆತಂಕ. ಒಂದು ಹುದ್ದೆಯಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಇರಬಾರದೆಂಬ ನಿಯಮವನ್ನು ಬಹಳಷ್ಟು ಘಟಕಗಳು ಪಾಲಿಸುತ್ತವೆ. ಒಳ್ಳೆಯ ಅಧ್ಯಕ್ಷರನ್ನು ನಿಯಮ ಹೊರಗೆ ಕಳಿಸುತ್ತದಲ್ಲ ಎಂಬ ಕೊರಗು ಆಗಾಗ ಕೇಳಿಬರುತ್ತದೆ. ಆದರೂ ನಿಯಮ ಸರಿಯಾದದ್ದೇ. ಸ್ಥಾಪಕರು ಹದಿನೈದು ವರ್ಷ ಕುರ್ಚಿ ಬಿಡದೆ ಕೂತ ಸಂಘದಲ್ಲಿ ಉಳಿದವರು ಕೆಲಸ ಕಲಿಯುವುದೇ ಇಲ್ಲ. ಸೊಂಟದ ಬೀಗದ ಕೈ ಗೊಂಚಲನ್ನು ಸೊಸೆಗೆ ಕೊಡದ ಅತ್ತೆಯ ಮನೆಯಂತೆ, ಅತ್ತೆ ಹಾಸಿಗೆ ಹಿಡಿದ ದಿನ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಹೊಸಬರು ಸಿಗುವುದು ಈಗ ಮೊದಲಿಗಿಂತ ಕಷ್ಟವಾಗಿರುವುದಕ್ಕೆ ಸ್ಪಷ್ಟ ಕಾರಣಗಳಿವೆ. ಯು3ಎ ಹುಟ್ಟಿದ ಕಾಲದಲ್ಲಿ ಬ್ರಿಟನ್ನಿನ ಮಹಿಳೆಯರಿಗೆ 60ಕ್ಕೆ, ಗಂಡಸರಿಗೆ 65ಕ್ಕೆ ಸರ್ಕಾರಿ ಪಿಂಚಣಿ ಸಿಗುತ್ತಿತ್ತು. 2018ರ ಹೊತ್ತಿಗೆ ಇಬ್ಬರಿಗೂ 65, 2020ರಲ್ಲಿ ಇಬ್ಬರಿಗೂ 66 ಆಯಿತು. ಸದಸ್ಯರಲ್ಲಿ ಮಹಿಳೆಯರೇ ಹೆಚ್ಚು. 60–65ರ ನಡುವಿನ, ಕಸುವು ಕುಂದದ, ಕಚೇರಿಯ ಕೆಲಸ ಮರೆಯದ ಮಹಿಳೆಯರು ಒಂದು ಕಾಲದಲ್ಲಿ ಸಮಿತಿಗಳ ಬೆನ್ನೆಲುಬು. ಆ ವಯಸ್ಸಿನವರು ಈಗ ಇನ್ನೂ ಉದ್ಯೋಗದಲ್ಲಿದ್ದಾರೆ. ಬಿಡುವಾದವರಲ್ಲಿ ಅನೇಕರು ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುತ್ತಾರೆ, ಇಲ್ಲವೇ ತೊಂಬತ್ತು ದಾಟಿದ ತಾಯಿತಂದೆಯರನ್ನು ನೋಡಿಕೊಳ್ಳುತ್ತಾರೆ. ಜೊತೆಗೆ ಕಾಗದಪತ್ರದ ಹೊರೆ. ಸಮಿತಿಯ ಸದಸ್ಯರು ಕಾನೂನಿನ ದೃಷ್ಟಿಯಲ್ಲಿ ಧರ್ಮದರ್ಶಿಗಳು. ನೋಂದಣಿಯಾಗದ ಸಂಘದ ಸ್ವರೂಪದಲ್ಲಿದ್ದರೆ ಸಾಲಸೋಲ ಅವರ ಸ್ವಂತ ತಲೆಗೇ ಬರಬಹುದು. ಈ ಭಯ ನೀಗಲೆಂದು ಹಲವು ಘಟಕಗಳು ಸಂಸ್ಥೆಗೇ ಪ್ರತ್ಯೇಕ ಕಾನೂನು ಅಸ್ತಿತ್ವ ಕೊಡುವ ಹೊಸ ಬಗೆಯ ನೋಂದಣಿಗೆ ಬದಲಾದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರಿಂದ ಅದಕ್ಕೆ ಅವಕಾಶವಿದೆ. 2018ರ ಮೇ ತಿಂಗಳಲ್ಲಿ ಬಂದ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನಿಂದ ಸದಸ್ಯರ ದೂರವಾಣಿ ಪಟ್ಟಿ ಇಟ್ಟುಕೊಳ್ಳುವ ನಿಯಮವೂ ಬಿಗಿಯಾಯಿತು. ಶೇಕ್ಸ್‌ಪಿಯರ್ ಓದಿಸಲು ಸಂತೋಷದಿಂದ ಒಪ್ಪುವವರು ಅಧ್ಯಕ್ಷಗಿರಿ ಎಂದೊಡನೆ ಹಿಂಜರಿಯುವುದು ಇದಕ್ಕೇ.

2020ರ ಕೋವಿಡ್ ಹೊಡೆತ ಬಲವಾಗಿತ್ತು. ಸಭಾಂಗಣಗಳು ಮುಚ್ಚಿದವು, ಸದಸ್ಯತ್ವ ಕುಸಿಯಿತು. ಸೋಂಕಿಗೆ ಎಲ್ಲರಿಗಿಂತ ಹೆಚ್ಚು ಹೆದರಬೇಕಾಗಿದ್ದವರು ಇದೇ ವಯಸ್ಸಿನವರು. ಅವಧಿ ಮುಗಿದ ಅಧ್ಯಕ್ಷರು ಬದಲಿಗರಿಲ್ಲದೆ ಮುಂದುವರಿದರು, ಮಹಾಸಭೆಗಳು ಝೂಮ್‌ನಲ್ಲಿ ನಡೆದವು. ಎಂಬತ್ತು ದಾಟಿದವರಿಗೆ ದೂರವಾಣಿಯಲ್ಲೇ ಗುಂಡಿ ಒತ್ತುವುದನ್ನು ಹೇಳಿಕೊಟ್ಟ ಸದಸ್ಯರ ತಾಳ್ಮೆಯನ್ನು ಮೆಚ್ಚಲೇಬೇಕು. ಕಂಪ್ಯೂಟರ್ ಬಲ್ಲ, ಆದರೆ ಆವರೆಗೆ ಸಮಿತಿಯತ್ತ ತಲೆಹಾಕದಿದ್ದ ಕೆಲವರು ಆ ದಿನಗಳಲ್ಲೇ ಹೊಣೆಗಾರರಾದರು.

ಘಟಕಗಳು ಅನುಭವದಿಂದ ಕಂಡುಕೊಂಡ ಉಪಾಯಗಳು ಸರಳ. ಸಭೆಯಲ್ಲಿ ‘ಯಾರಾದರೂ ಮುಂದೆ ಬನ್ನಿ’ ಎಂದು ಕರೆದರೆ ಎಲ್ಲರೂ ನೆಲ ನೋಡುತ್ತಾರೆ. ಒಬ್ಬರನ್ನೇ ಪಕ್ಕಕ್ಕೆ ಕರೆದು, ಇಂಥ ಕೆಲಸ ನಿಮ್ಮಿಂದ ಆಗುತ್ತದೆ ಎಂದು ಕೇಳಿದರೆ ಒಪ್ಪುತ್ತಾರೆ. ದೊಡ್ಡ ಹುದ್ದೆಯನ್ನು ಒಡೆದು ಹಂಚುತ್ತಾರೆ: ಸಭೆ ನಡೆಸುವವರು ಒಬ್ಬರು, ಪತ್ರವ್ಯವಹಾರ ಇನ್ನೊಬ್ಬರು. ಕೆಲವೆಡೆ ಇಬ್ಬರು ಜಂಟಿ ಅಧ್ಯಕ್ಷರು, ಒಬ್ಬರು ಮಗಳ ಮನೆಗೆ ಹೋದಾಗ ಇನ್ನೊಬ್ಬರು. ಮುಂದಿನ ಅಧ್ಯಕ್ಷರನ್ನು ಒಂದು ವರ್ಷ ಉಪಾಧ್ಯಕ್ಷರಾಗಿ ಜೊತೆಗಿಟ್ಟುಕೊಳ್ಳುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಕ್ರಮ. ಕೆಳಗಿಳಿದವರು ತಾವಾಗಿ ಸಲಹೆ ಕೊಡದೆ, ಕೇಳಿದಾಗ ಮಾತ್ರ ಹೇಳುವುದು ಬರೆಯದ ಶಿಸ್ತು. ಅದನ್ನು ಪಾಲಿಸಿದ ಕಡೆ ಹೊಸಬರು ಬೇಗ ನೆಲೆ ನಿಲ್ಲುತ್ತಾರೆ.

ಸ್ವಸಹಾಯದ ಬ್ರಿಟಿಷ್ ಮಾದರಿ 1984ರಲ್ಲಿ ಮೆಲ್ಬರ್ನ್ ಮೂಲಕ ಆಸ್ಟ್ರೇಲಿಯಾಕ್ಕೆ, 1989ರಲ್ಲಿ ಆಕ್ಲೆಂಡ್ ಮೂಲಕ ನ್ಯೂಜಿಲೆಂಡಿಗೆ ಹೋಯಿತು. ಸದಸ್ಯರ ಸಮಿತಿ, ಸೀಮಿತ ಅವಧಿ, ಅದರೊಂದಿಗೆ ಬರುವ ಪೇಚಾಟ ಮೂರೂ ಅಲ್ಲಿಗೂ ಹೋದವು. ಚೀನಾದ ದಾರಿ ಬೇರೆ. 1980ರ ದಶಕದ ಆರಂಭದಲ್ಲಿ ಪಕ್ಷದ ಮತ್ತು ಸರ್ಕಾರದ ಅಧಿಕಾರಿಗಳಿಗೆ ಜೀವಾವಧಿ ಹುದ್ದೆ ರದ್ದಾದಾಗ, ಮನೆಗೆ ಬಂದ ಅಧಿಕಾರಿಗಳಿಗಾಗಿ 1983ರಲ್ಲಿ ಶಾಂಡಾಂಗ್ ಪ್ರಾಂತ್ಯದಲ್ಲಿ ಮೊದಲ ಹಿರಿಯರ ವಿಶ್ವವಿದ್ಯಾಲಯ ತೆರೆಯಿತು. ಇಂದು ಅಲ್ಲಿ ಇಂಥ ಹತ್ತಾರು ಸಾವಿರ ಶಾಲೆಗಳಿವೆ. ಹಣ ಮತ್ತು ಆಡಳಿತದಲ್ಲಿ ಸರ್ಕಾರದ ಪಾಲು ದೊಡ್ಡದಾದ್ದರಿಂದ ಅಲ್ಲಿ ಕೊರತೆಯಿರುವುದು ಸೀಟುಗಳಿಗೆ, ಮುಖ್ಯಸ್ಥರಿಗಲ್ಲ.

ಕರ್ನಾಟಕದ ಪಿಂಚಣಿದಾರರ ಸಂಘಗಳು, ಹಿರಿಯ ನಾಗರಿಕರ ವೇದಿಕೆಗಳು 1960ರ ಸಂಘಗಳ ನೋಂದಣಿ ಅಧಿನಿಯಮದಡಿ ಯು3ಎಯಂಥದೇ ಸಮಿತಿ, ಮಹಾಸಭೆ, ಲೆಕ್ಕಪತ್ರ ಇಟ್ಟುಕೊಂಡು ನಡೆಯುತ್ತವೆ. ಪಿಂಚಣಿ, ತುಟ್ಟಿಭತ್ಯೆ, ಆರೋಗ್ಯ ತಪಾಸಣೆ ಅವುಗಳ ಮುಖ್ಯ ಕಾಳಜಿ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60 ಆಗಿರುವುದರಿಂದ, ಬ್ರಿಟನ್ ಕಳೆದುಕೊಂಡ ಆ ಮೊದಲ ಐದಾರು ಹುರುಪಿನ ವರ್ಷಗಳು ಇಲ್ಲಿನ ಸಂಘಗಳಿಗೆ ಇನ್ನೂ ದಕ್ಕುತ್ತಿವೆ.

ಮತ್ತೆ ಬ್ರಿಟನ್ನಿಗೆ ಬಂದರೆ, ಎಲ್ಲ ಪ್ರಯತ್ನದ ಮೇಲೂ ಅಧ್ಯಕ್ಷರು ಸಿಗದ ಘಟಕಕ್ಕೆ ಯು3ಎಯಲ್ಲಿ ಎರಡು ದಾರಿಗಳಿವೆ. ಒಂದು, ಪಕ್ಕದ ಊರಿನ ಘಟಕದೊಂದಿಗೆ ವಿಲೀನ. ಇನ್ನೊಂದು, ವಿಸರ್ಜನೆ. ಅದಕ್ಕೆ ಮೊದಲು ಟ್ರಸ್ಟಿನ ಪ್ರಾದೇಶಿಕ ಸ್ವಯಂಸೇವಕರು ಬಂದು ಸದಸ್ಯರೊಡನೆ ಕೂತು ಮಾತಾಡುತ್ತಾರೆ. ವಿಸರ್ಜನೆಯ ಮಾತು ನೋಟಿಸಿನಲ್ಲಿ ಕಂಡ ಮೇಲೆ ಒಬ್ಬಿಬ್ಬರು ಮುಂದೆ ಬಂದು ಘಟಕ ಉಳಿಯುವುದೂ ಉಂಟು. ಯಾರೂ ಬರದಿದ್ದರೆ ವಿಶೇಷ ಸಭೆ ಕರೆದು ಸಾಲ ತೀರಿಸಿ, ಉಳಿದ ಹಣವನ್ನು ಇದೇ ಉದ್ದೇಶದ ಬೇರೊಂದು ಸಂಸ್ಥೆಗೆ ಕೊಡಬೇಕು, ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅಧ್ಯಯನ ಗುಂಪುಗಳು ನೆರೆಯ ಘಟಕಕ್ಕೆ ಸೇರುತ್ತವೆ, ಇಲ್ಲವೇ ಯಾವ ಹೆಸರೂ ಇಲ್ಲದೆ ಗೆಳೆಯರ ಕೂಟವಾಗಿ ಯಾರದಾದರೂ ಮನೆಯಲ್ಲಿ ವಾರ ವಾರ ಸೇರುತ್ತವೆ.