ಬಾಲಮಂದಿರದಿಂದ ಅಂಗನವಾಡಿಗೆ

ಐದು ವರ್ಷ ತುಂಬದ ಮಗುವಿಗೂ ವಿವೇಚನೆಯೆಂಬುದೊಂದುಂಟು, ಯುಕ್ತವಾದ ಪೋಷಣೆಯಿಂದ ಅದನ್ನು ಬೆಳೆಯಿಸಬಹುದು ಎಂಬ ನಂಬಿಕೆ ನಮ್ಮ ಹಿಂದಿನ ಶಾಲೆಗಳಲ್ಲಿ ಇದ್ದಂತೆ ತೋರುವುದಿಲ್ಲ. ಕೂಲಿಮಠದ ಅಯ್ಯನವರ ಮುಂದೆ ಕುಳಿತ ಬಾಲಕನು ಮರಳಿನಲ್ಲಿ ಬೆರಳೂರಿ ಅಕ್ಷರ ತಿದ್ದುತ್ತಿದ್ದನು, ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತಿದ್ದನು. ತಿದ್ದಿದ್ದು ಸರಿಯೋ ತಪ್ಪೋ ಎಂಬ ನಿರ್ಣಯ ಮಾತ್ರ ಸದಾ ಅಯ್ಯನವರದು, ಇಲ್ಲವೆ ಅವರ ಕೈಯ ಬೆತ್ತದ್ದು. ಆ ಪದ್ಧತಿಯಿಂದ ಅಸಾಧಾರಣ ಸ್ಮರಣಶಕ್ತಿಯುಳ್ಳವರು ತಯಾರಾದರೆಂಬುದನ್ನು ಅಲ್ಲಗಳೆಯಲಾಗದು. ಆದರೆ ಎಳೆಯ ಬುದ್ಧಿಗೆ ನಿಜವಾದ ಸಾಮು ದೊರೆಯುತ್ತಿದ್ದುದು ಮಠದಲ್ಲಲ್ಲ, ಮನೆಯ ಜಗುಲಿಯ ಮೇಲೆ: ಅಜ್ಜಿಯೊಡ್ಡಿದ ಒಗಟಿನಲ್ಲಿ, ಅಳಗುಳಿಮಣೆಯ 14 ಗುಳಿಗಳಲ್ಲಿ. ಹುಣಸೆಬೀಜಗಳನ್ನು ಒಂದೊಂದಾಗಿ ಬಿಡುತ್ತ ಹೋಗುವ ಮಗು, ಕೊನೆಯ ಬೀಜ ಎಲ್ಲಿ ಬಿದ್ದೀತೆಂದು ಮುಂಚೆಯೇ ಕಣ್ಣಿನಲ್ಲೇ ಎಣಿಸಿ, ಲೆಕ್ಕ ತಪ್ಪಿದೊಡನೆ ತಾನೇ ಬೆಪ್ಪಾಗಿ, ಮುಂದಿನ ಸರದಿಯಲ್ಲಿ ಬೇರೊಂದು ಗುಳಿಗೆ ಕೈ ಹಾಕುತ್ತಿತ್ತು. ಇದನ್ನು ಶಿಕ್ಷಣವೆಂದು ಕರೆಯಬೇಕೆಂದು ಯಾರಿಗೂ ತೋಚಲಿಲ್ಲ.

ತೋಚಿದ್ದು ದೂರದ ರೋಮ್ ನಗರದಲ್ಲಿ, ಒಬ್ಬ ವೈದ್ಯೆಗೆ. 1907ರ ಜನವರಿ 6ರಂದು ಮರಿಯಾ ಮಾಂಟೆಸ್ಸೊರಿಯವರು ಸ್ಯಾನ್ ಲೊರೆಂಜೊ ಎಂಬ ಬಡಜನರ ಕೇರಿಯಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದರು. ಅವರ ಉಪಕರಣಗಳಲ್ಲಿ ಒಂದನ್ನಿಲ್ಲಿ ಕೊಂಚ ಸಾವಕಾಶವಾಗಿ ನೋಡುವುದು ಯುಕ್ತ. ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿಗಳು. ಅವುಗಳಿಗೆ ಹೊಂದುವಂತೆ ಹಿಡಿಗುಬಟುಳ್ಳ, ಗಾತ್ರದಲ್ಲಿ ಒಂದಕ್ಕಿಂತ ಒಂದು ಕಿರಿದಾದ ಹತ್ತು ಉರುಳೆಗಳು. ಮಗು ಅವನ್ನೆಲ್ಲ ಹೊರತೆಗೆದು, ಕಲಸಿಟ್ಟು, ಮರಳಿ ಜೋಡಿಸತೊಡಗುತ್ತದೆ. ಸಣ್ಣದೊಂದನ್ನು ದೊಡ್ಡ ಕುಳಿಯಲ್ಲಿ ಇಳಿಬಿಟ್ಟರೆ ಆ ಕ್ಷಣಕ್ಕೆ ಯಾವ ಬಾಧೆಯೂ ಇಲ್ಲ. ಆದರೆ ಕೊನೆಗೆ ಕೈಯಲ್ಲಿ ಉಳಿದ ಉರುಳೆಯು ಉಳಿದ ಕುಳಿಯನ್ನು ಹೊಗಲೊಲ್ಲದು. ಉಪಾಧ್ಯಾಯಿನಿ ಬಾಯಿ ತೆರೆಯುವಂತಿಲ್ಲ. ಎಲ್ಲಿ ಎಡವಿದೆನೆಂದು ಮಗುವೇ ಹಿಂದಕ್ಕೆ ಹೋಗಿ, ಒಂದೊಂದನ್ನೇ ಪರೀಕ್ಷಿಸಿ, ದೋಷವನ್ನು ಪತ್ತೆಮಾಡಬೇಕು. ವಿಮರ್ಶಾಬುದ್ಧಿಯೆಂದು ನಾವು ದೊಡ್ಡ ಹೆಸರಿಟ್ಟು ಕೊಂಡಾಡುವುದರ ಬೀಜವೆಲ್ಲ ಇಷ್ಟರಲ್ಲಿ ಅಡಗಿದೆ: ತೀರ್ಪು ಗುರುವಿನ ಕೈಯಿಂದ ಶಿಶುವಿನ ಕೈಗೆ ದಾಟಿತು.

ಈ ವಿಚಾರವನ್ನು ಭಾರತದ ಮಣ್ಣಿಗೆ ತಂದವರಲ್ಲಿ ಅಗ್ರಗಣ್ಯರು ಗಿಜುಭಾಯಿ ಬಧೇಕಾ. 1885ರಲ್ಲಿ ಸೌರಾಷ್ಟ್ರದಲ್ಲಿ ಹುಟ್ಟಿ, ಪೂರ್ವ ಆಫ್ರಿಕಕ್ಕೆ ಹೋಗಿಬಂದು, ವಕೀಲಿ ವೃತ್ತಿಯಲ್ಲಿ ನೆಲೆಯೂರಿದ್ದ ಇವರು, 1913ರಲ್ಲಿ ಮಗ ಹುಟ್ಟಿದ ತರುವಾಯ ಅವನನ್ನು ಎಂಥ ಶಾಲೆಗೆ ಕಳುಹಿಸುವುದೆಂಬ ಚಿಂತೆಗೆ ಬಿದ್ದು, ಮಾಂಟೆಸ್ಸೊರಿಯವರ ವಿಚಾರಗಳನ್ನು ಓದಿ, 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ಸ್ಥಾಪಿಸಿದರು. ದಂಡನೆಯಿಲ್ಲ, ಬಹುಮಾನದ ಆಮಿಷವೂ ಇಲ್ಲ. ಗುಜರಾತಿನ ಜನ ಅವರನ್ನು ಮೀಸೆಯ ತಾಯಿ ಎಂದು ಕರೆದರು. ವಕೀಲನಿಗೆ ಇದಕ್ಕಿಂತ ಹಿರಿದಾದ ಬಿರುದು ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಗಿಜುಭಾಯಿಯವರು ಕೇವಲ ಅನುಯಾಯಿಯಲ್ಲ. ಚಿಕ್ಕ ಮಕ್ಕಳಿಗೆ ಅದ್ಭುತ ಕಥೆಗಳು ಸಲ್ಲವು, ವಾಸ್ತವದ ಪರಿಚಯವೇ ಮೊದಲು ಎಂಬುದು ಮಾಂಟೆಸ್ಸೊರಿಯವರ ಮತ. ಗಿಜುಭಾಯಿಯವರಾದರೋ ಜಾನಪದ ಕಥೆಗಳನ್ನು ಬಾಲಮಂದಿರದ ನಡುಮನೆಗೇ ಕರೆತಂದರು, ಮಕ್ಕಳಿಗಾಗಿ ನೂರಾರು ಪುಟ ತಾವೇ ಬರೆದರು. ಈ ವಿವಾದದಲ್ಲಿ ನನ್ನ ಒಲವು ನಿಸ್ಸಂಶಯವಾಗಿ ಭಾವನಗರದ ಕಡೆಗೇ. ಕಾಗೆ ಮಾತನಾಡಿತೆಂದು ಹೇಳಿದೊಡನೆ ನಾಲ್ಕು ವರ್ಷದ ಕೂಸು "ಅದ್ಹೇಗೆ?" ಎಂದು ತಡೆಯುತ್ತದಲ್ಲ, ನಿನ್ನೆ ಹೇಳಿದ ಕಥೆಯಲ್ಲಿ ಇಂದು ಒಂದು ಎಳೆ ತಪ್ಪಿದರೆ "ಹಾಗಲ್ಲ" ಎಂದು ನಮ್ಮನ್ನೇ ತಿದ್ದುತ್ತದಲ್ಲ, ಆ ಎಚ್ಚರವನ್ನು ಯಾವ ಉರುಳೆಯೂ ಕಲಿಸಲಾರದು.

ಮಾಂಟೆಸ್ಸೊರಿಯವರೇ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಮಹಾಯುದ್ಧದ ದೆಸೆಯಿಂದ ಇಲ್ಲಿಯೇ ಉಳಿದು, ಅನೇಕ ಶಿಕ್ಷಕರನ್ನು ತರಬೇತುಗೊಳಿಸಿದರು. ಕನ್ನಡನಾಡಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಮಕ್ಕಳ ಕೂಟವನ್ನು ಕಟ್ಟಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನವಿತ್ತು. ಆದರೂ ಈ ಪದ್ಧತಿಗೆ ಒಂದು ಕೊರೆ ಅಂಟಿಕೊಂಡಿತ್ತು: ನುಣುಪಾಗಿ ಕಡೆದ ಮರದ ಸಾಮಗ್ರಿಗೆ ಬೆಲೆ ತೆರಬಲ್ಲವರ ಮಕ್ಕಳಿಗೆ ಮಾತ್ರ ಅದು ಎಟುಕುತ್ತಿತ್ತು.

ಆ ಕೊರೆಯನ್ನು ನೀಗಿದವರು ತಾರಾಬಾಯಿ ಮೋಡಕ್. 1923ರಲ್ಲಿ ಗಿಜುಭಾಯಿಯವರ ಜೊತೆಗೂಡಿದ ಇವರು, 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಗ್ರಾಮಕ್ಕೆ ಹೋಗಿ ನೆಲಸಿದರು. ಶಾಲೆಗೆ ಬಾರದ ಹರಿಜನ ಮಕ್ಕಳಿದ್ದಲ್ಲಿಗೆ ಶಾಲೆಯನ್ನೇ ಒಯ್ದು, ಅವರ ಮನೆಯಂಗಳದಲ್ಲಿ ನಡೆಸಿದರು; ಅಂಗಳದ ಈ ಶಾಲೆಯೇ ಅಂಗನವಾಡಿ. ಮುಂದೆ ಶಿಷ್ಯೆ ಅನುತಾಯಿ ವಾಘ್ ಅವರೊಡನೆ ಕೋಸಬಾಡದ ಗುಡ್ಡದಲ್ಲಿ, ವಾರಲಿ ಬುಡಕಟ್ಟಿನವರ ನಡುವೆ ಕೆಲಸ ಮುಂದುವರಿಯಿತು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ. ವಿದೇಶದ ಉಪಕರಣಗಳ ಸ್ಥಾನದಲ್ಲಿ ಎಲೆ, ಬೀಜ, ಬೆಣಚುಕಲ್ಲು, ಕಪ್ಪೆಚಿಪ್ಪು: ಇವನ್ನು ಬಣ್ಣದಿಂದಲೋ ಆಕಾರದಿಂದಲೋ ತೂಕದಿಂದಲೋ ವಿಂಗಡಿಸು ಎಂದರೆ, ಯಾವ ಲಕ್ಷಣವನ್ನು ಹಿಡಿದು ವಿಂಗಡಿಸಿದೆಯೆಂಬುದಕ್ಕೆ ಮಗುವೇ ಕಾರಣ ಕೊಡಬೇಕಾಗುತ್ತದೆ. ಖರ್ಚು ಸೊನ್ನೆ, ಫಲವೇನೂ ಕಡಿಮೆಯಲ್ಲ.

ತಾರಾಬಾಯಿಯವರು 1973ರಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ, 1975ರ ಅಕ್ಟೋಬರ್ 2ರಂದು, ಭಾರತ ಸರ್ಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅಂಗನವಾಡಿಯ ಹೆಸರು ದೇಶಕ್ಕೆಲ್ಲ ಹರಡಿತು. ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಆ ಮೊದಲ ಪಟ್ಟಿಯಲ್ಲಿತ್ತು. ಇಂದು ರಾಜ್ಯದಲ್ಲಿ 60,000ಕ್ಕೂ ಮೇಲ್ಪಟ್ಟು ಅಂಗನವಾಡಿಗಳಿವೆ. ಹಸಿದ ಕಂದಮ್ಮಗಳಿಗೆ ಅನ್ನ, ಗರ್ಭಿಣಿಯರಿಗೆ ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ಲೆಕ್ಕ: ಇವೆಲ್ಲ ಪ್ರಾಣ ಉಳಿಸಿದ ಕಾರ್ಯಗಳು, ಇವನ್ನು ಹಗುರಾಗಿ ಕಾಣುವುದು ಅಪರಾಧ. ಆದರೆ ಹತ್ತಾರು ದಾಖಲೆಗಳನ್ನು ತುಂಬಿ, ಸಮೀಕ್ಷೆಗೂ ಚುನಾವಣೆಯ ಕೆಲಸಕ್ಕೂ ಅಲೆದು ದಣಿದ ಕಾರ್ಯಕರ್ತೆಗೆ ಮಕ್ಕಳೆದುರು ಬೀಜ ಹರಡಿಕೊಂಡು ಕೂರಲು ವೇಳೆಯೆಲ್ಲಿ? ಅವಳನ್ನು ಪದ್ಯ ಬಾಯಿಪಾಠಕ್ಕೆ ಇಳಿಸಿದವರು ನಾವೇ. ಹೊಸ ಪಠ್ಯಕ್ರಮವನ್ನು ಅಚ್ಚುಹಾಕಿಸುವುದಕ್ಕೆ ಮೊದಲು, ದಿನಕ್ಕೊಂದು ಗಂಟೆಯ ಕಾಲ ಅವಳಿಗೆ ಬೇರೆ ಯಾವ ಕೆಲಸವನ್ನೂ ಹೇಳುವುದಿಲ್ಲವೆಂಬ ಒಂದು ಆಜ್ಞೆಯನ್ನು ಸರ್ಕಾರ ಹೊರಡಿಸಲಿ.